ಇನ್ನೇನು

ಮಕ್ವಾಲಾ, ನಿನಗಿಟ್ಟದ್ದು ಅಜ್ಜಿಯ ಹೆಸರು,
ಬೇಲಿಯ ಕಪ್ಪು ಮುಳ್ಳುಹಣ್ಣಿನ ಹೆಸರು.
ಹಾಜರಿ ಕರೆದರೆ ಹಿಂದಿನ ಬೆಂಚು ಕಿಸಕ್ಕೆನ್ನುತ್ತಿತ್ತು.
ನೀನು ಕೈಯೆತ್ತುತ್ತಿದ್ದುದು ಹಾಜರಿಗಲ್ಲ,
ತಕರಾರಿಗೆ.

ಮೂವತ್ತು ವರ್ಷ ತತ್ವಶಾಸ್ತ್ರ ಕಲಿಸಿದ್ದೇನೆ ತ್ಬಿಲಿಸಿಯಲ್ಲಿ,
ಹೀಟರ್ ಕೆಟ್ಟ ಕೋಣೆಗಳಲ್ಲಿ, ಕೋಟು ಬಿಚ್ಚದೆ.
ಜಾಣರನ್ನು ಕಂಡಿದ್ದೇನೆ; ಜಾಣತನ ಅಗ್ಗದ ಸರಕು.
ನಿನ್ನದು ಬೇರೆ:
ನನ್ನ ವಾದದ ಗೋಡೆಗೆ ಕಿವಿಯಿಟ್ಟು
ಎಲ್ಲಿ ಟೊಳ್ಳೆಂದು ತಟ್ಟಿ ತಟ್ಟಿ ಹೇಳುತ್ತಿದ್ದೆ,
ಆಮೇಲೆ ಪಾಪ ಅನ್ನಿಸಿ ಚಹಾ ತರುತ್ತಿದ್ದೆ.

ನೀನು ಹಿಡಿದ ವಿಷಯಕ್ಕೆ ವಿಭಾಗವೇ ನಕ್ಕಿತ್ತು.
ಮೇಜಿನ ಅಂಚಿಂದ ಇನ್ನೇನು ಬೀಳಲಿದ್ದ ಲೋಟ,
ಬೀಳಲಿಲ್ಲ.
ಆ ಆಗದ ಬೀಳು
ಜಗತ್ತಿನ ಲೆಕ್ಕದಲ್ಲಿ ಇದೆಯೋ, ಇಲ್ಲವೋ?
ಇಲ್ಲದಿದ್ದರೆ ಎದೆ ಯಾಕೆ ಧಸಕ್ಕೆಂದಿತು?
ಇನ್ನೂರ ಹತ್ತು ಪುಟ,
'ಇನ್ನೇನು' ಎಂಬೊಂದು ಪದದ ಬೆನ್ನು ಹತ್ತಿ.
ಫೋನಿನ ಕೊನೆಗೂ ಅದೇ:
"ಮತ್ತೆ, ಇನ್ನೇನು?" ಎಂದು ಕೇಳಿ
ನಾನು ಏನೂ ಇಲ್ಲವೆನ್ನುವತನಕ ಬಿಡುತ್ತಿರಲಿಲ್ಲ.

ಗುರುವಾರ ನಾಲ್ಕನೆಯ ಅಧ್ಯಾಯ ಹಿಂದಿರುಗಿಸಿದೆ.
ನೂರ ಹನ್ನೆರಡನೆಯ ಪುಟದ ಅಂಚಿಗೆ
ಕೆಂಪು ಪೆನ್ಸಿಲಿನಲ್ಲಿ ಬರೆದಿದ್ದೆ: ಅಸ್ಪಷ್ಟ.
ಕೆಳಗೆ ಎರಡು ಗೆರೆ. ಒಂದು ಸಾಲದೆ ಹೋಗಿತ್ತು ನನಗೆ.

ಶನಿವಾರ ವ್ಯಾನಿನ ಕಿಟಕಿಗೆ ಹಣೆಯೊರಗಿಸಿ ಕೂತಿದ್ದೆಯಂತೆ.
ಮಿದುಳೊಳಗೆ ಯಾವುದೋ ತೆಳು ನಾಳ,
ಯಾರಿಗೂ ಗೊತ್ತಿರಲಿಲ್ಲ, ನಿನಗೂ.
ಮಡಿಲಿಂದ ಪ್ಲಮ್ ಹಣ್ಣಿನ ಚೀಲ ಜಾರಿದಾಗ
ಪಕ್ಕದ ಹೆಂಗಸು ಒಂದೊಂದೇ ಹೆಕ್ಕಿ ತುಂಬಿ
ಮತ್ತೆ ಮಡಿಲಲ್ಲಿಟ್ಟಳಂತೆ.
"ಓದುವ ಹುಡುಗಿ, ದಣಿದಿದ್ದಾಳೆ, ಮಲಗಲಿ" ಎಂದರಂತೆ ಯಾರೋ.
ಡ್ರೈವರ್ ರೇಡಿಯೋ ಸಣ್ಣ ಮಾಡಿದನಂತೆ.
ಕೊನೆಯ ನಿಲ್ದಾಣದವರೆಗೆ
ಇಡೀ ವ್ಯಾನು ನಿನ್ನ ನಿದ್ದೆ ಕಾಯಿತು.

ಮಣ್ಣು ಮುಗಿಸಿ ಬಂದು ಕೂತಾಗ ನಾವು ಲೋಟ ತಾಗಿಸಲಿಲ್ಲ,
ಸತ್ತವರ ಹೆಸರಲ್ಲಿ ಕುಡಿಯುವಾಗ ತಾಗಿಸಬಾರದು.
ರೊಟ್ಟಿಯ ತುಂಡಿಗೆ ವೈನು ಹನಿಸಿ
ಒಬ್ಬೊಬ್ಬರೇ ಎದ್ದು ನಿನ್ನ ಬುದ್ಧಿಯನ್ನು ಹೊಗಳಿದರು.
ಡೀನ್ ನಿನ್ನ ವಿಷಯವನ್ನೇ ತಪ್ಪು ಹೇಳಿದ.
ತಿದ್ದಲು ನೀನಿರಲಿಲ್ಲ.

ನಿನ್ನಪ್ಪ ತಾಮಾಜ್, ತೇಲಾವಿ ರಸ್ತೆಯಲ್ಲಿ
ಟೈರಿಗೆ ಪಂಕ್ಚರ್ ಹಾಕುವ ಕೈ, ನನ್ನ ತೋಳು ಹಿಡಿದ:
"ಏನು ಬರೆಯುತ್ತಿದ್ದಳು ನನ್ನ ಮಗಳು? ಸುಲಭದಲ್ಲಿ ಹೇಳಿ."
ಲೋಟವನ್ನು ಅಂಚಿಗೆ ಸರಿಸಿ ತೋರಿಸಿದೆ.
ತುಂಬಾ ಹೊತ್ತು ನೋಡಿದ.
"ನಾಲ್ಕು ವರ್ಷದವಳು, ಬಾವಿಗೆ ಬೀಳಲಿದ್ದಳು,
ಫ್ರಾಕಿನ ಹಿಂದಿನ ಗುಂಡಿ ಸಿಕ್ಕಿತು, ಒಂದೇ ಗುಂಡಿ.
ಬೀಳಲಿಲ್ಲವಲ್ಲ ಅನ್ನುತ್ತಾರೆ ಎಲ್ಲರೂ.
ನನ್ನ ಕೈಗೆ ಅದು ಗೊತ್ತಿಲ್ಲ. ಇವತ್ತಿಗೂ ಹಿಡಿದೇ ಇದೆ."
ಬೆರಳು ಮಡಚಿ ತೋರಿಸಿದ.

ನೂರ ಹನ್ನೆರಡರಲ್ಲಿ ಇರಬೇಕಾದ್ದು ಅದೇ ಇರಬಹುದು, ಮಕ್ವಾಲಾ.
ಇರಲಿಕ್ಕಿಲ್ಲ.
ಮತ್ತೆ ಓದಿದೆ. ಈಗಲೂ ಅಸ್ಪಷ್ಟ.
ಸತ್ತೆಯೆಂದು ಅಂಕ ಕೊಡುವವನಲ್ಲ ನಾನು;
ಕೊಟ್ಟಿದ್ದರೆ ಮೊದಲು ಬಯ್ಯುವವಳು ನೀನೇ.
ಎರಡನೆಯ ಗೆರೆಯನ್ನು ಮಾತ್ರ ಅಳಿಸಿದೆ.
ರಬ್ಬರು ಉಜ್ಜಿದಲ್ಲಿ ಕಾಗದ ತುಸು ಜುಂಗೆದ್ದಿದೆ.

ನಲವತ್ತನೆಯ ದಿನ ನಿನ್ನ ಟಿಪ್ಪಣಿಗಳನ್ನು ತರಲು ಹೋದೆ.
ಒಂಬತ್ತನೆಯ ಮಹಡಿ; ನಾಣ್ಯ ನುಂಗದೆ ಏರದ ಹಳೇ ಲಿಫ್ಟು.
ಜೇಬು ತಡಕುತ್ತಿರುವಾಗ
ಆಲೂಗಡ್ಡೆ ಚೀಲ ಹಿಡಿದ ಮುದುಕಿಯೊಬ್ಬಳು ಕೇಳಿದಳು,
"ಆ ಹುಡುಗಿಯ ಮನೆಗೋ?
ಲಿಫ್ಟಿಗೆಂದು ನಾಲ್ಕು ನಾಣ್ಯ ಕಡ ಒಯ್ದಿದ್ದಳು ನನ್ನಿಂದ.
ದಿನಾ ನಾಳೆ ಅನ್ನುತ್ತಿದ್ದಳು."
ನನ್ನಲ್ಲಿದ್ದುದೂ ನಾಲ್ಕೇ. ಕೊಟ್ಟೆ.
ಎಣಿಸಿಕೊಂಡಳು.
ಒಂದನ್ನು ನನ್ನ ಅಂಗೈಗೆ ವಾಪಸು ಹಾಕಿದಳು,
"ನೀವು ಮೇಲೆ ಹೋಗಬೇಕಲ್ಲ."