ಭಾನುವಾರದ ಬೆಂಡು

ಹನ್ನೊಂದು ವರ್ಷಕ್ಕೆ ಮೊದಲ ಸಲ
ನನ್ನ ವಾರದ ರಜೆ ಭಾನುವಾರಕ್ಕೆ ಬಿತ್ತು.
ನಾಲ್ಕು ಜನ, ಒಂದೇ ದಿನ, ಒಂದೇ ಮನೆ:
ಏನು ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ.
ಮಾಲಿಗೆ ಹೋದೆವು. ನಾಲ್ಕು ಮಹಡಿ, ನಾಲ್ವರೂ ನಾಲ್ಕು ಕಡೆ.
ಫೋನಿನಲ್ಲೇ ಒಬ್ಬರನ್ನೊಬ್ಬರು ಹುಡುಕಿಕೊಂಡು
ವಾಪಸು ಬಂದೆವು.

ಆಮೇಲೆ ಚೌರಪ್ಪ ಆನ್‌ಲೈನಿನಲ್ಲಿ ಗಾಳ ತರಿಸಿದ.
ಆರುನೂರೈವತ್ತು ರೂಪಾಯಿ,
ಒಂದರೊಳಗೊಂದು ಹೊಕ್ಕು ಕೂತ ಏಳು ತುಂಡು.
ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮಾಸ್ಟರು,
ದಾರ ಅಂದರೆ ಅವನಿಗೆ ಹೆದರಿಕೆಯಿಲ್ಲ;
ಆದರೂ ಮೊದಲ ದಿನ ಕೊಕ್ಕೆಗೆ ಸಿಕ್ಕಿದ್ದು
ಅವನದೇ ಅಂಗಿಯ ಬೆನ್ನು.
"ಅಪ್ಪ ಎಷ್ಟು ಕೇಜಿ?" ಅಂದಳು ಶೆರ್ಲಿ.

ಆರೂವರೆ ಪೂಜೆ ಮುಗಿಸಿ, ಬೇಗೂರು ದಾಟಿ,
ಅಪಾರ್ಟ್‌ಮೆಂಟುಗಳ ಬೆನ್ನಿಗಿರುವ ಕೆರೆಗೆ
ಬಸ್ಸಿನಲ್ಲೇ ಹೊರಡುತ್ತೇವೆ.
"ಅಕ್ಕಾ, ಬರುವಾಗ ಮೀನಿಗೆ ಅರ್ಧ ಟಿಕೆಟ್ಟೋ, ಫುಲ್ಲೋ?"
ಕಿಚಾಯಿಸುತ್ತಾನೆ ನನ್ನದೇ ಡಿಪೋದ ಹುಡುಗ.
ಮೂರು ಭಾನುವಾರ ಅವನಿಗೆ ಖಾಲಿ ಬಕೆಟ್ಟು ತೋರಿಸಿದ್ದೇವೆ.

ಕಲಿಸಿದ್ದು ಬಾಬಾಜಾನ್, ಪಂಕ್ಚರ್ ಅಂಗಡಿಯವರು.
ಅವರದು ಬಿದಿರು ಕೋಲು, ನವಿಲುಗರಿಯ ದಂಟಿನ ಬೆಂಡು.
ನಮ್ಮ ಏಳು ತುಂಡಿನ ವೈಭವ ಕಂಡು ನಗಲಿಲ್ಲ;
ಗಾಳಕ್ಕೆ ತಂದ ಬ್ರೆಡ್ಡು ಮುಟ್ಟಿ ನೋಡಿ ಮಾತ್ರ ನಕ್ಕರು.
ಗೋಧಿ ಹಿಟ್ಟು, ಚೂರು ಬೆಲ್ಲ, ಚಿಟಿಕೆ ಇಂಗು,
ಕಿವಿಯ ಹಾಲೆಯಷ್ಟು ಮೆತ್ತಗೆ ನಾದಬೇಕು.
ಬೆನ್ನಿ ತನ್ನ ಕಿವಿ ಹಿಡಿದು ನೋಡಿದ,
ಹಿಟ್ಟು ಹಿಡಿದು ನೋಡಿದ, ಮತ್ತೆ ಕಿವಿ.
ಆ ದಿನವೆಲ್ಲ ಹುಡುಗನ ಕಿವಿ ಇಂಗಿನ ಘಮ.

"ನೆರಳು ನೀರಿಗೆ ಬೀಳಬಾರದು" ಅಂದರು ಬಾಬಾಜಾನ್,
"ಮಾತು ಬಿದ್ದರೆ ಪರವಾಗಿಲ್ಲ."
ಹಾಗಾಗಿ ಮಾತಾಡಿದೆವು.
ಬೆಂಡಿನ ಮೇಲೆ ಕಣ್ಣಿಟ್ಟು, ಮುಖ ನೋಡದೆ ಆಡುವ ಮಾತು
ಬೇರೆಯೇ ಇರುತ್ತದೆ.
ಗಣಿತದಲ್ಲಿ ಹದಿನೆಂಟು ಬಂದದ್ದನ್ನು
ಶೆರ್ಲಿ ನೀರಿಗೆ ಹೇಳಿದಳು.
ಹೊಸ ಮಷೀನು ಬಂದಿದೆ, ಅದಕ್ಕೆ ಮಾಸ್ಟರು ಬೇಕಿಲ್ಲ,
ಅಂದ ಚೌರಪ್ಪ.
ನಾನು ಹೇಳಿದ್ದು ಇನ್ನೂ ನೀರಿನಲ್ಲೇ ಇದೆ.

ವಾರವೆಲ್ಲ ನನ್ನ ಬಾಯಲ್ಲಿ ಒಂದೇ ಮಂತ್ರ:
ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಜಾಗ ಇದೆ.
ಇಲ್ಲಿ ಯಾರನ್ನೂ ಮುಂದೆ ತಳ್ಳಬೇಕಿಲ್ಲ.
ಪಾಚಿ ನಾತದ ನೀರು, ಆ ತುದಿಯಲ್ಲಿ ನೊರೆ,
ಜೊಂಡಿನೊಳಗೆ ಯಾರದೋ ಒಂಟಿ ಚಪ್ಪಲಿ;
ಚೆಂದವೇನಲ್ಲ ಈ ಕೆರೆ.
ನೀರುಕೋಳಿಗೆ ಅದು ಗೊತ್ತಿಲ್ಲ,
ಮರಿಗಳ ಸಾಲು ಎಳೆದುಕೊಂಡು
ಟಿಕೆಟ್ಟಿಲ್ಲದೆ ದಾಟುತ್ತದೆ.

ನಾಲ್ಕನೇ ವಾರ ಬೆಂಡು ಒಮ್ಮೆ ತಲೆದೂಗಿತು.
ಮತ್ತೊಮ್ಮೆ. "ಈಗಲ್ಲ, ಈಗಲ್ಲ."
ಕಾಲಲ್ಲಿ ಚಕ್ರ ಕಟ್ಟಿಕೊಂಡ ಬೆನ್ನಿ, ಊಟಕ್ಕೂ ಕೂರದ ಬೆನ್ನಿ,
ಉಸಿರು ಬಿಗಿಹಿಡಿದು ಕಾದ. ಬೆಂಡು ಮುಳುಗಿತು. ಎತ್ತಿದ.
ಅಂಗೈ ಅಗಲದ ಜಿಲೇಬಿ!
"ಇದಕ್ಕೆ ಪಾಕ ಎಲ್ಲಿ?" ಅಂದಳು ಶೆರ್ಲಿ.
ಮುಳ್ಳುರೆಕ್ಕೆ ಬಿಚ್ಚಿ ಅದು ನಮ್ಮನ್ನೇ ನೋಡಿತು.
ಸಾರಿಗಾಗುತ್ತೆ, ಅಂದ ಚೌರಪ್ಪ.
ಒಬ್ಬರಿಗೂ ಸಾಲದು, ಅಂದೆ ನಾನು.
ಹುಡುಗ ನಮ್ಮ ತೀರ್ಮಾನಕ್ಕೆ ಕಾಯಲಿಲ್ಲ:
ಬಾಬಾಜಾನ್ ತೋರಿಸಿದಂತೆ ಕೈ ಒದ್ದೆ ಮಾಡಿಕೊಂಡು
ಕೊಕ್ಕೆ ಬಿಡಿಸಿ, ಮೆಲ್ಲಗೆ ನೀರೊಳಗೆ ಇಳಿಸಿದ.
ಆಮೇಲೆ ಅತ್ತ. ಯಾಕೆಂದು ಅವನಿಗೂ ಗೊತ್ತಿಲ್ಲ.

ಹನ್ನೆರಡು ಇಪ್ಪತ್ತರ ಬಸ್ಸು ಏರಿಯ ಮೇಲೆ ಬಂದು ನಿಂತಿತು.
ಅದು ತಪ್ಪಿದರೆ ಇನ್ನೊಂದು ಒಂದು ಐವತ್ತಕ್ಕೆ,
ಈ ರೂಟು ನನಗೆ ಬಾಯಿಪಾಠ.
"ಅಮ್ಮಾ, ಇನ್ನೊಂದೇ ಒಂದ್ ಸಲ,"
ಮೂಗು ಒರೆಸಿಕೊಳ್ಳುತ್ತ ಬೆನ್ನಿ.
ಫುಟ್‌ಬೋರ್ಡಿನಿಂದ ಡಿಪೋದ ಹುಡುಗ ಕೈ ಬೀಸಿದ.
ನಾನು ಎರಡು ಬೆರಳು ಬಾಯಿಗಿಟ್ಟು
ಎರಡು ಸೀಟಿ ಊದಿದೆ:
ರೈಟ್, ರೈಟ್. ನೀವು ಹೊರಡಿ.