ಉದ್ದಕ್ಕೆ ತಕ್ಕ ಅಗಲ

ಚಿಲೊಯೆ ದ್ವೀಪದಲ್ಲಿ ಜುಲೈ ಅಂದರೆ ನಡುಚಳಿಗಾಲ.
ಎರಡು ಬಕೆಟ್ಟು ನೀಲಿಕಲ್ಲು: ಒಂದು ತೆಂಕಣ ಕೊಲ್ಲಿಯದು,
ಇನ್ನೊಂದು ಸಾಲ್ಮನ್ ಸಾಕುವ ಬಲೆಗಳ ಪಕ್ಕದ್ದು.
ನೂರಿಪ್ಪತ್ತು ಚಿಪ್ಪು. ಕ್ಯಾಲಿಪರಿನ ತಣ್ಣನೆ ದವಡೆಯಲ್ಲಿ
ಉದ್ದ, ಅಗಲ, ದಪ್ಪ.
ಬೆರಳು ಮರಗಟ್ಟಿದರೆ ಚಹಾದ ಲೋಟಕ್ಕೆ ತಾಗಿಸಿ
ಮತ್ತೆ ಉದ್ದ, ಅಗಲ, ದಪ್ಪ.

ಮೊದಲು ಒಂದೊಂದನ್ನೇ ಕರೆದು ಕೇಳಿದೆ.
ಉದ್ದ ಅಂದಿತು: ವ್ಯತ್ಯಾಸ ಇದ್ದರೂ ಇರಬಹುದು, ಆಣೆ ಹಾಕಲಾರೆ.
ಅಗಲದ್ದೂ ಅದೇ ಮಾತು.
ದಪ್ಪ ಬಾಯೇ ಬಿಡಲಿಲ್ಲ.

ಆಮೇಲೆ ಮೂವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದೆ.
ಪರದೆಯ ಮೇಲೆ ಮೂಡಿತು: ಸಾವಿರಕ್ಕೆ ಮೂರು.

'ಬಿಡಿಬಿಡಿಯಾಗಿ ಇಲ್ಲದ್ದು ಒಟ್ಟಿಗೆ ಎಲ್ಲಿಂದ ಬಂತು?'
ಬಲ್ತಸಾರ್ ಓಯಾರ್ಸೊ ಕನ್ನಡಕ ಹಣೆಗೇರಿಸಿದ.
ಮೇಜಿನ ಮೇಲೆ ಅವನ ಊಟದ ಆಲೂಗಡ್ಡೆ, ಇಲ್ಲಿಯ ಉದ್ದನೆಯ ಜಾತಿ.
ಎರಡನ್ನು ಓರೆಯಾಗಿ, ಅಕ್ಕಪಕ್ಕ ಮಲಗಿಸಿದೆ.
ಮೇಜಿನ ಈ ಅಂಚಿನಿಂದ ನೋಡು, ಒಂದನ್ನೊಂದು ಮರೆಸುತ್ತವೆ.
ಆ ಅಂಚಿನಿಂದಲೂ ಅಷ್ಟೆ.
ಮೂಲೆಗೆ ಹೋಗಿ ಬಗ್ಗು:
ನಡುವೆ ಒಂದು ಬೆರಳಿನಷ್ಟು ಬೆಳಕು.

'ಹಾಗಾದರೆ ಬೇರೆಯಾದದ್ದು ಯಾವುದು? ಉದ್ದವೋ, ಅಗಲವೋ?'
ಅದಕ್ಕೆ ಈ ಪರೀಕ್ಷೆ ಹೆಗಲು ಹಾರಿಸುತ್ತದೆ.
ಬೇರೆ ಎನ್ನುತ್ತದೆ, ಬೆರಳು ತೋರಿಸುವುದಿಲ್ಲ.
ಅವನಿಗೆ ಆಲೂಗಡ್ಡೆ ವಾಪಸು ಬೇಕಿತ್ತು.

ಒಟ್ಟಿಗೆ ಕೇಳುವುದೇ ಜಾಣತನ ಅಂದುಕೊಳ್ಳಬೇಡಿ.
ಹೋದ ವರ್ಷ ಏಡಿಗಳ ಹನ್ನೊಂದು ಅಳತೆ ಒಮ್ಮೆಗೇ ಸುರಿದು,
ಇಕ್ಕಳವೊಂದರ ಖರೇ ಮಾತನ್ನು
ಸಂತೆಯ ಗದ್ದಲದಲ್ಲಿ ಮುಳುಗಿಸಿದವಳು ನಾನೇ.
ಆಮೇಲೆ ಹನ್ನೊಂದನ್ನೂ ಬಿಡಿಯಾಗಿ ಕೇಳಬೇಕೆನಿಸಿತು.
ಹನ್ನೊಂದು ಸಲ ಕದ ತಟ್ಟಿದರೆ
ಖಾಲಿ ಮನೆಯಲ್ಲೂ ಒಮ್ಮೆ 'ಯಾರು?' ಅಂದ ಹಾಗಾಗುತ್ತದೆ.

ಈ ಸಲ ನನ್ನನ್ನು ಕಾದದ್ದು ಫ್ರಿಜ್ಜಿನ ಬಾಗಿಲಿನ ಚೀಟಿ.
ಮಾರ್ಚಿನಲ್ಲಿ, ಒಂದು ಚಿಪ್ಪೂ ಅಳೆಯುವ ಮುಂಚೆ,
ನನ್ನದೇ ಕೈಬರಹ: 'ಆಕಾರ ಬೇರೆಯೇ?'
ಗಾತ್ರ ಅಂತ ಬರೆದಿರಲಿಲ್ಲ.
ಬರೆದಿದ್ದರೆ ಆ ಮೂರು ನಿರಾಕರಣೆಗಳನ್ನೇ ಮಡಚಿ
ವರದಿಯಲ್ಲಿಡಬೇಕಿತ್ತು,
ಸಾವಿರಕ್ಕೆ ಮೂರರ ಆಸೆ ಬಿಟ್ಟು.

ಸಂಜೆ ಖಾಲಿ ಬಕೆಟ್ಟಿಗೆ ಎದೆಲ್ಮಿರಾ ಚಿಗುವಾಯ್ ಬಂದಳು,
ನಲವತ್ತು ವರ್ಷ ಇಳಿತದ ನೀರಲ್ಲಿ ಬಗ್ಗಿದವಳು.
ತಮಾಷೆಗೆ ಇಪ್ಪತ್ತು ಚಿಪ್ಪು ಕಲಸಿ ಮುಂದಿಟ್ಟೆ.
ಕಣ್ಣು ಮುಚ್ಚಿ, ಅಂಗೈಯಲ್ಲಿ ಒಮ್ಮೆ ಹೊರಳಿಸಿ,
'ಇದಕ್ಕೆ ಉದ್ದಕ್ಕೆ ತಕ್ಕ ಅಗಲವಿಲ್ಲ. ಬಲೆ ಕಡೆಯದು' ಅಂದಳು.
ಇದು ತೆಂಕಣದ್ದು. ಇದೂ.
ಹದಿನಾರು ಸರಿ.

ತಪ್ಪಿದ ನಾಲ್ಕನ್ನು ಮತ್ತೆ ಕೈಗೆತ್ತಿಕೊಂಡು
ತಪ್ಪು ಕೊಲ್ಲಿಯಲ್ಲಿ ಹುಟ್ಟಿದ್ದಕ್ಕೆ
ಒಂದೊಂದನ್ನೇ ಬೈದಳು.