ನಾಲ್ಕು ಗಂಟಿನ ಹಗ್ಗ

ಮಾರ್ಚ್ ಕೊನೆ. ಅಂಗಳದ ಹಿಮ ಕರಗಿ
ಸಾಲಾಗಿ ನಿಂತ ಟ್ರ್ಯಾಕ್ಟರುಗಳ ಗಾಲಿಯಡಿ ರಾಡಿ.
ನ್ಯೂ ಬ್ರನ್ಸ್‌ವಿಕ್ಕಿನ ಈ ಮೂಲೆಯಲ್ಲಿ ಯಂತ್ರ ಮಾರುತ್ತ
ಮೂವತ್ತೊಂದು ವರ್ಷ ಕಳೆದವನು ನಾನು.
ಬಂದವರ ಬೂಟು ನೋಡಿಯೇ ಹೇಳಬಲ್ಲೆ
ಇವರಿಗೆ ಎಷ್ಟು ಕುದುರೆ ಬೇಕು, ಎಷ್ಟು ಕುದುರೆ ಕೊಳ್ಳುತ್ತಾರೆ.
ಎರಡೂ ಒಂದೇ ಅಲ್ಲ.
ಆ ನಡುವಿನ ಅಂತರದಲ್ಲೇ ನನ್ನ ಮನೆಸಾಲ ತೀರಿದ್ದು.

ಡೆಲ್ಫೀನ್ ಕೊರ್ಮಿಯೆ ಬಂದಳು, ಮೆಮ್ರಮ್‌ಕುಕ್ ಕಣಿವೆಯವಳು.
ಹದಿಮೂರು ಎಕರೆ: ಒಂದಿಷ್ಟು ಸೇಬು, ಉಳಿದದ್ದು ಜೌಗಿನ ಹುಲ್ಲು,
ಅದರಾಚೆ ಉಬ್ಬರದ ಕೆಂಪು ನೀರು ತಡೆವ ಮಣ್ಣಿನ ಏರಿ.
ಗಂಟೆಷ್ಟಿದೆ ಎಂದು ನಾನು ಬಾಯಿಬಿಡುವ ಮೊದಲೇ
ಕೋಟಿನ ಜೇಬಿಂದ ಬಟ್ಟೆ ಒಣಹಾಕುವ ಹಗ್ಗ ತೆಗೆದು
ಮೇಜಿನ ಮೇಲೆ ಸುರಿದಳು.
ನಾಲ್ಕು ಗಂಟು.

ನಾನು ಮೊದಲು ತೋರಿಸಿದ್ದು ನಲವತ್ತೈದು ಕುದುರೆಯದನ್ನು.
"ದೊಡ್ಡದು ಕೊಂಡವರು ಯಾರೂ ಅತ್ತಿಲ್ಲ ಮೇಡಂ.
ಸಣ್ಣದು ಕೊಂಡವರು ಎರಡನೇ ವರ್ಷಕ್ಕೇ ವಾಪಸು ಬರುತ್ತಾರೆ."
ಅರ್ಧ ಸತ್ಯ. ಇನ್ನರ್ಧ ಕಮಿಷನ್ನು.
"ನಮ್ಮಪ್ಪನಿಗೆ ಒಂದೇ ಕುದುರೆ ಇತ್ತು," ಅಂದಳು,
"ಅದೂ ಸೋಮವಾರ ಕುಂಟುತ್ತಿತ್ತು."

ಆಮೇಲೆ ಆ ರಾಡಿಯಲ್ಲಿ ಮೊಣಕಾಲೂರಿ ಅಳೆಯತೊಡಗಿದಳು.
ಮೊದಲ ಗಂಟು ಕೊಟ್ಟಿಗೆಯ ಬಾಗಿಲಗಲ:
ಮುಂದಿನ ಬಕೆಟ್ಟು ನಾಲ್ಕು ಬೆರಳು ಹೊರಗುಳಿಯಿತು.
ಎರಡನೆಯದು ಅದೇ ಬಾಗಿಲ ಎತ್ತರ:
ತಲೆಕಾಯುವ ಕಬ್ಬಿಣದ ಕಮಾನು ಒಂದು ಗೇಣು ಮೇಲೆ.
"ಇದು ಮಡಚುತ್ತದೆ," ಅಂದೆ.
"ಕಮಾನು ಮಡಚುತ್ತದೆ. ಬಕೆಟ್ಟು?"

ಮೂರನೆಯದು ಏರಿಯ ನೆತ್ತಿ.
"ನಮ್ಮ ಹಿರೀಕರು ಬೇರುಸಮೇತ ಹೆಂಟೆ ಕಡಿದು
ಒಂದರ ಮೇಲೊಂದು ಕೂರಿಸಿ ಕಟ್ಟಿದ್ದು, ಸಲಿಕೆಯಲ್ಲಿ.
ಅದಕ್ಕೆ ಗೊತ್ತಿರುವುದು ಸಲಿಕೆಯ ತೂಕ.
ಎರಡು ಟನ್ನು ಹತ್ತಿಸಿದರೆ ಒಂದು ದಿನ ಸುಮ್ಮನಿರುತ್ತದೆ,
ಮರುದಿನ ಹುಣ್ಣಿಮೆಯ ಉಬ್ಬರಕ್ಕೆ ಹೇಳಿಕೊಡುತ್ತದೆ."

ಇಪ್ಪತ್ನಾಲ್ಕರದ್ದು ಗೋಡೆಯ ಬದಿಗಿತ್ತು, ಸೀಟಿನ ಮೇಲೆ ಎಲೆ.
ಅದರ ಸುತ್ತ ಹಗ್ಗ ಹಿಡಿದು ಒಂದು ಸುತ್ತು ಬಂದಳು.
ಸುಳ್ಳು ಹೇಳಬೇಕೆನಿಸಲಿಲ್ಲ ಆ ಹೊತ್ತಿಗೆ:
"ದುಂಡು ಹುಲ್ಲುಕಟ್ಟು ಇದಕ್ಕೆ ಎತ್ತಲಾಗದು."
"ಲೇಯಾಂಡ್ರ್ ಎತ್ತುತ್ತಾನೆ, ಪಕ್ಕದ ಹೊಲದವನು.
ಅವನ ದೈತ್ಯ ನನ್ನ ಸೇಬಿನ ಸಾಲಲ್ಲಿ ತೂರುವುದಿಲ್ಲ,
ನನ್ನದು ಅವನ ಸಾಲಲ್ಲೂ ತೂರುತ್ತದೆ.
ಎಲ್ಲ ಕೆಲಸವೂ ಒಂದೇ ಅಂಗಳದಲ್ಲಿ ಮುಗಿದುಬಿಟ್ಟರೆ
ಒಬ್ಬರ ಬಾಗಿಲು ಇನ್ನೊಬ್ಬರು ಯಾಕೆ ತಟ್ಟಬೇಕು?"

"ಹಿಂದಿನ ಗಾಲಿಗೆ ಬೀಟ್‌ರೂಟ್ ರಸ ತುಂಬಿಸಿಕೊಡಲೆ?
ಭಾರ ಬರುತ್ತದೆ, ಚಳಿಗೆ ಹೆಪ್ಪುಗಟ್ಟುವುದಿಲ್ಲ."
ಯೋಚಿಸಿದಳು. ಹಿಮ ತಳ್ಳುವಾಗ ಭಾರ ಬೇಕು, ಹೌದು.
ಜೂನಿನ ಜೌಗಿನಲ್ಲಿ ಅದೇ ಭಾರ ಹೂತುಹಾಕುತ್ತದೆ.
"ಕಳಚಿಡಬಹುದಾದ ಭಾರವಿದ್ದರೆ ಕೊಡಿ."
ಕಾಂಕ್ರೀಟು ತುಂಬಿದ ಒಂದು ಪೀಪಾಯಿ ಕೊಟ್ಟೆ.

ನಾಲ್ಕನೆಯ ಗಂಟಿನ ಮಾತು ಎತ್ತಿರಲಿಲ್ಲ.
ಕೇಳಿದೆ. ಹಗ್ಗದ ತುದಿ ನೆಲಕ್ಕೆ ಮೆಟ್ಟಿ,
ಗಂಟು ಹಿಡಿದು, ಬಲಗಾಲು ನಿಧಾನ ಎತ್ತಿದಳು.
ಅಲ್ಲಿಗೆ ನಿಂತಿತು ಮೊಣಕಾಲು, ಒಂದು ಚಿಟಿಕೆ ಮೇಲಿಲ್ಲ.
"ಬೆಳಿಗ್ಗೆ ಇಷ್ಟು. ಸಂಜೆಗೆ ಇನ್ನೂ ಕಡಿಮೆ."
ನಲವತ್ತೈದರ ಮೊದಲ ಮೆಟ್ಟಿಲು ಅದಕ್ಕಿಂತ ಒಂದು ಗೇಣು ಮೇಲಿತ್ತು.
ಮೂವತ್ತೊಂದು ವರ್ಷ. ಯಾರ ಮೊಣಕಾಲನ್ನೂ ಕೇಳಿದ್ದಿಲ್ಲ ನಾನು.

ಮೇ ತಿಂಗಳಲ್ಲಿ ಲಾರಿಯಲ್ಲಿ ಇಳಿಸಲು ಹೋದೆ.
ಕೀಲಿಕೈ ಕಸಿದುಕೊಂಡು ತಾನೇ ಹತ್ತಿದಳು.
ಲೇಯಾಂಡ್ರ್ ಬೇಲಿಗೊರಗಿ ನನಗೆ ಹೇಳಿದ:
"ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ಅವಳು,
ನಲವತ್ತಡಿ ಉದ್ದದ್ದು, ಮಂಜುಗಡ್ಡೆಯ ಮೇಲೆ."
ಅಂಗಡಿಯಲ್ಲಿ ನಾನು ಅವಳಿಗೆ ಗೇರು ಎಂದರೇನೆಂದು
ಬಿಡಿಸಿ ಬಿಡಿಸಿ ವಿವರಿಸಿದ್ದೆ. ಅವಳೂ ಕೇಳಿಸಿಕೊಂಡಿದ್ದಳು.

ಎಂಜಿನು ಗುರುಗುಟ್ಟಿತು. ಬ್ರೇಕು ಬಿಡುವ ಮುನ್ನ
ತಲೆಯೆತ್ತಿ, ಹಣೆಯ ಮೇಲೆ, ಬರೀ ಗಾಳಿ ಇರುವಲ್ಲಿ
ಕನ್ನಡಿ ನೋಡುವಂತೆ ನೋಡಿದಳು.
ತುಟಿ ಅಲುಗಿತು, ಎಣಿಸುವಂತೆ.
ಎಲ್ಲ ಕೂತರು ಅನಿಸಿದ ಮೇಲೆಯೇ
ಕ್ಲಚ್ಚು ಬಿಟ್ಟಳು.